ಮ್ಯಾರಥಾನ್ ಬಯಲಿನಿಂದ ಅಥೆನ್ಸಿನ ಅಮೃತಶಿಲೆಯವರೆಗೆ

ನವೆಂಬರ್ ತಿಂಗಳ ಎರಡನೆಯ ಭಾನುವಾರ, ಇನ್ನೂ ನಸುಕು ಹರಿಯದ ಹೊತ್ತಿನಲ್ಲಿ, ಅಥೆನ್ಸ್ ನಗರದ ಸಿಂಟಾಗ್ಮಾ ಚೌಕದ ಬಳಿ ಸಾಲಾಗಿ ನಿಂತಿದ್ದ ಬಸ್ಸುಗಳಲ್ಲಿ ಒಂದನ್ನು ಹತ್ತಿ ನಾವು ಐವರೂ ಕುಳಿತುಕೊಂಡೆವು. ಹತ್ತುವಾಗ ಬಸ್ಸಿನ ತುಂಬ ಮಾತಿತ್ತು. ಹತ್ತಾರು ಭಾಷೆಗಳು, ಬಾಳೆಯ ಹಣ್ಣಿನ ವಾಸನೆ, ನೋವಿಗೆ ಹಚ್ಚುವ ಮುಲಾಮಿನ ಘಾಟು ಎಲ್ಲವೂ ಒಂದರೊಡನೊಂದು ಬೆರೆತಿದ್ದುವು. ಬಸ್ಸು ನಗರವನ್ನು ದಾಟಿ, ಗುಡ್ಡದ ಬೆನ್ನೊಂದನ್ನು ಏರಿ, ಮತ್ತೆ ಇಳಿಜಾರಿನಲ್ಲಿ ಜಾರತೊಡಗಿದ ಮೇಲೆ ಆ ಮಾತೆಲ್ಲ ತಾನಾಗಿ ಅಡಗಿತು. ಇಳಿಜಾರು ಮುಗಿಯುವಂತೆಯೇ ಕಾಣಲಿಲ್ಲ. ಬಸ್ಸು ಸುಖವಾಗಿ ಇಳಿಯುತ್ತಿದ್ದ ಈ ದಾರಿಯನ್ನೇ ನಾವು ಇನ್ನು ಕೆಲವು ಗಂಟೆಗಳಲ್ಲಿ ಕಾಲಿನಿಂದ ಏರಬೇಕಾಗಿದೆಯೆಂಬ ಸಂಗತಿ ಒಳಗಿದ್ದ ಪ್ರತಿಯೊಬ್ಬರ ಮನಸ್ಸಿಗೂ ಏಕಕಾಲದಲ್ಲಿ ಹೊಳೆದಿತ್ತೆಂದು ತೋರುತ್ತದೆ. ನನ್ನ ಪಕ್ಕದಲ್ಲಿದ್ದ ಮೇಷ್ಟ್ರು ಕಿಟಕಿಯ ಗಾಜಿನ ಮೇಲಿನ ಹಬೆಯನ್ನು ಅಂಗೈಯಿಂದ ಒರಸಿ, ಹೊರಗಿನ ಕತ್ತಲನ್ನು ದಿಟ್ಟಿಸಿ, "ದೂರವೇನೋ ಇದೆಯಪ್ಪ" ಎಂದರು, ಎಂದು ಸುಮ್ಮನಾದರು.

ಮೇಷ್ಟ್ರಿಗೆ ಆಗ ಅರವತ್ತನಾಲ್ಕು ವರ್ಷ. ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಚರಿತ್ರೆಯನ್ನು ಬೋಧಿಸಿ, ನಿವೃತ್ತರಾಗಿ, ಮಗನ ಮನೆಯಲ್ಲಿರಲು ಬೆಂಗಳೂರಿಗೆ ಬಂದ ಮೇಲೆ, ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಹೊತ್ತು ಓಡುತ್ತಿದ್ದ ನಮ್ಮ ಚಿಕ್ಕ ಗುಂಪಿಗೆ ಮೊದಲು ನಡಿಗೆಯವರಾಗಿಯೂ ಕ್ರಮೇಣ ಓಟಗಾರರಾಗಿಯೂ ಸೇರಿಕೊಂಡವರು ಅವರು. ಉಳಿದವರಲ್ಲಿ ಒಬ್ಬರು ವೈದ್ಯರು, ಇನ್ನೊಬ್ಬರು ಬ್ಯಾಂಕಿನಲ್ಲಿ ಅಧಿಕಾರಿಣಿ, ನಾಲ್ಕನೆಯವನು ಧಾರವಾಡದ ತರುಣ, ಉದ್ಯೋಗನಿಮಿತ್ತ ಜರ್ಮನಿಯಲ್ಲಿ ನೆಲೆಸಿ ನಮ್ಮನ್ನು ಅಥೆನ್ಸಿನಲ್ಲಿಯೇ ಬಂದು ಕೂಡಿಕೊಂಡವನು, ಐದನೆಯವನು ನಾನು. ಓಡುವುದಕ್ಕೆ ಬೆಂಗಳೂರಿನಲ್ಲಿ ರಸ್ತೆಯಿಲ್ಲವೆ, ಅಷ್ಟು ಹಣವನ್ನು ವ್ಯಯಮಾಡಿ ಸಮುದ್ರವನ್ನು ದಾಟಿ ಹೋಗಿ ಅಲ್ಲಿ ಬೆವರು ಸುರಿಸುವುದರಲ್ಲಿ ಏನಿದೆ ಎಂದು ಹಿತೈಷಿಗಳು ಅನೇಕರು ನಮ್ಮನ್ನು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದದ್ದು. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ನಮ್ಮ ಜನರನ್ನು ಬಲ್ಲವರಿಗೆ ಅದಕ್ಕೆ ಉತ್ತರವೂ ಗೊತ್ತು. ಮಂಜುನಾಥನ ಗುಡಿಗಳು ನಾಡಿನಲ್ಲಿ ಬೇಕಾದಷ್ಟಿವೆ. ಆದರೂ ಚಾರ್ಮಾಡಿಯ ಘಟ್ಟವನ್ನು ಇಳಿದು ಹೋಗಬೇಕು. ಒಬ್ಬನೇ ಅಲ್ಲ, ಊರಿನ ಹತ್ತು ಜನರೊಡನೆ ಹೋಗಬೇಕು. ಕಾಲು ಅವರವರದೇ, ಬೊಕ್ಕೆ ಏಳುವುದೂ ಅವರವರ ಪಾದದಲ್ಲಿಯೇ. ಆದರೆ ದಾರಿ ಎಲ್ಲರದು, ಹೋಗಿ ಸೇರಿದ ಸಂತೋಷವೂ ಎಲ್ಲರದು.

ಬರ್ಲಿನ್, ಲಂಡನ್, ಬಾಸ್ಟನ್, ಟೋಕಿಯೊ ಮೊದಲಾದ ಮಹಾನಗರಗಳ ಓಟಗಳಿಗೆ ನಮ್ಮವರು ಈಚೆಗೆ ಗುಂಪುಗುಂಪಾಗಿ ಹೋಗುತ್ತಾರೆ. ನಮ್ಮಲ್ಲಿಯೂ ಆ ಮಾತು ನಡೆಯಿತು. ಬರ್ಲಿನ್ನಿನ ದಾರಿ ಅಂಗೈಯಂತೆ ಸಮತಟ್ಟು, ಹೊಸಬರಿಗೆ ಸುಲಭವೆಂದು ಧಾರವಾಡದವನು ವಾದಿಸಿದನು. ಆದರೆ ಮೇಷ್ಟ್ರು, ತಮಗೆ ಈ ವಯಸ್ಸಿನಲ್ಲಿ ಎರಡನೆಯ ಅವಕಾಶವಿರಲಾರದೆಂದೂ, ಓಡುವುದಾದರೆ ಆ ಹೆಸರು ಹುಟ್ಟಿದ ನೆಲದಲ್ಲಿಯೇ ಓಡಬೇಕೆಂದೂ ಹಟಹಿಡಿದರು. ಮ್ಯಾರಥಾನ್ ಎಂಬುದು ಇಂದು ಜಗತ್ತಿಗೆಲ್ಲ ಒಂದು ಅಂತರದ ಹೆಸರಾಗಿದೆ. ಆದರೆ ಅದು ಮೂಲತಃ ಒಂದು ಊರು, ಸಮುದ್ರತೀರದ ಒಂದು ಬಯಲು. ಸೋಂಪಿನ ಗಿಡಕ್ಕೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನಿಂದ ಆ ಊರಿಗೆ ಹೆಸರು ಬಂದಿತಂತೆ.

ಆ ಬಯಲಿನಲ್ಲಿ ಕ್ರಿಸ್ತಪೂರ್ವ 490ರಲ್ಲಿ ಪಾರಸಿಕ ಸಾಮ್ರಾಟ ದಾರಯನ ಸೇನೆಯನ್ನು ಅಥೆನ್ಸಿನವರೂ ಅವರ ನೆರವಿಗೆ ಬಂದ ಪ್ಲಾಟೆಯ ಎಂಬ ಪುಟ್ಟ ಊರಿನವರೂ ಎದುರಿಸಿ ಗೆದ್ದರು. ಮಡಿದ ಅಥೆನ್ಸಿನವರು 192 ಜನರೆಂದು ಚರಿತ್ರಕಾರ ಹೆರೊಡೊಟಸನು ಲೆಕ್ಕ ಕೊಟ್ಟಿದ್ದಾನೆ. ಅವರನ್ನು ರಣರಂಗದಲ್ಲಿಯೇ ದಹಿಸಿ ಮೇಲೆ ಒಟ್ಟಿದ ಮಣ್ಣಿನ ದಿಬ್ಬ, ಸುಮಾರು ಒಂಬತ್ತು ಮೀಟರ್ ಎತ್ತರದ್ದು, ಇಂದಿಗೂ ಆಲಿವ್ ಮರಗಳ ನಡುವೆ ಹುಲ್ಲು ಹೊದ್ದು ನಿಂತಿದೆ. ಇಷ್ಟು ಚರಿತ್ರೆ. ವಿಜಯದ ವಾರ್ತೆಯನ್ನು ಹೊತ್ತು ದೂತನೊಬ್ಬನು ಅಥೆನ್ಸಿಗೆ ಓಡಿಬಂದು, ಗೆದ್ದೆವೆಂದು ಸಾರಿ, ಆ ಕ್ಷಣವೇ ಪ್ರಾಣಬಿಟ್ಟನೆಂಬ ಕಥೆ ಮಾತ್ರ ಹೆರೊಡೊಟಸನಲ್ಲಿ ಇಲ್ಲ. ಯುದ್ಧಕ್ಕೆ ಮುಂಚೆ ಸಹಾಯವನ್ನು ಯಾಚಿಸಲು ಫಿಡಿಪ್ಪಿಡೀಸನೆಂಬ ವೃತ್ತಿದೂತನು ಅಥೆನ್ಸಿನಿಂದ ಸ್ಪಾರ್ಟಾಕ್ಕೆ, ಅಂದರೆ ಸುಮಾರು 240 ಕಿಲೋಮೀಟರ್ ದೂರ, ಓಡಿ ಮರುದಿನವೇ ಅಲ್ಲಿಗೆ ಮುಟ್ಟಿದನೆಂದೂ, ಹುಣ್ಣಿಮೆ ಕಳೆಯುವವರೆಗೆ ತಾವು ದಂಡೆತ್ತಿ ಬರುವಂತಿಲ್ಲವೆಂದು ಸ್ಪಾರ್ಟಾದವರು ಹೇಳಿದರೆಂದೂ ಅವನು ಬರೆದಿದ್ದಾನೆ. ವಿಜಯವಾರ್ತೆಯ ಓಟ ಬರಹಕ್ಕೆ ಬಂದದ್ದು ಐದಾರು ಶತಮಾನಗಳಾದ ಮೇಲೆ, ಪ್ಲೂಟಾರ್ಕ್ ಮತ್ತು ಲೂಸಿಯನ್ನರ ಲೇಖನಿಯಿಂದ; ಓಟಗಾರನ ಹೆಸರಿನಲ್ಲಿಯೂ ಅವರಿಗೆ ಏಕವಾಕ್ಯತೆಯಿಲ್ಲ. ಹಾಗಿದ್ದಾಗ್ಯೂ ಲೋಕವು ಮನಸ್ಸಿನಲ್ಲಿ ಉಳಿಸಿಕೊಂಡದ್ದು ಆ 240 ಕಿಲೋಮೀಟರಿನ ಸಾಹಸವನ್ನಲ್ಲ, ಈ ನಲವತ್ತು ಕಿಲೋಮೀಟರಿನ ಕಥೆಯನ್ನು. ಇದಕ್ಕೆ ಕಾರಣವನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಮೊದಲನೆಯ ಓಟದ ಕೊನೆಯಲ್ಲಿದ್ದವರು ಅಪರಿಚಿತರು. ಎರಡನೆಯದರ ಕೊನೆಯಲ್ಲಿ ಅವನ ಊರಿನ ಜನ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದರು.

ಈ ಕಥೆಯನ್ನು ಓಟವನ್ನಾಗಿ ಮಾಡಿದವನು ಮೀಷೆಲ್ ಬ್ರೆಯಾಲ್ ಎಂಬ ಫ್ರೆಂಚ್ ಭಾಷಾಶಾಸ್ತ್ರಜ್ಞ. ಕೂಬರ್ತಾನನು ಒಲಿಂಪಿಕ್ ಕ್ರೀಡೆಗಳನ್ನು ಪುನರುಜ್ಜೀವನಗೊಳಿಸಲು ಹೊರಟಾಗ, ಮ್ಯಾರಥಾನಿನಿಂದ ಅಥೆನ್ಸಿಗೆ ಓಟವೊಂದನ್ನು ಏರ್ಪಡಿಸುವುದಾದರೆ ಗೆದ್ದವನಿಗೆ ತಾನು ಬೆಳ್ಳಿಯ ಬಟ್ಟಲೊಂದನ್ನು ಕೊಡುವೆನೆಂದು ಬ್ರೆಯಾಲನು ಸೂಚಿಸಿದನು. 1896ರ ಏಪ್ರಿಲ್ 10ರಂದು 17 ಮಂದಿ ಹೊರಟರು. ಮುಂದೆ ಓಡಿದ್ದ ವಿದೇಶೀಯರು ಏರು ದಾರಿಯಲ್ಲಿ ಒಬ್ಬೊಬ್ಬರಾಗಿ ಕುಸಿದರು. ಕ್ರೀಡಾಂಗಣದ ದ್ವಾರದಲ್ಲಿ ಮೊದಲು ಕಾಣಿಸಿಕೊಂಡವನು ಮರೂಸಿ ಎಂಬ ಹಳ್ಳಿಯ, ನೀರು ಹೊತ್ತು ಮಾರುತ್ತಿದ್ದ ಸ್ಪಿರಿಡೋನ್ ಲೂಯಿಸ್. ಅವನಿಗೆ ಹಿಡಿದ ಹೊತ್ತು 2 ಗಂಟೆ 58 ನಿಮಿಷ 50 ಸೆಕೆಂಡು. ಗ್ರೀಸಿನ ಇಬ್ಬರು ರಾಜಕುಮಾರರು ಆಸನದಿಂದಿಳಿದು ಅವನ ಅಕ್ಕಪಕ್ಕದಲ್ಲಿ ಕೊನೆಯವರೆಗೆ ಓಡಿದರು. ಆ ದಿನದ ದೂರ ಸುಮಾರು 40 ಕಿಲೋಮೀಟರ್, ಈಗಿರುವ 42.195 ಕಿಲೋಮೀಟರಿನ ಅಳತೆ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದವರೆಗಿನ ದಾರಿಯಿಂದ ಬಂದದ್ದು. ಅದು ನಿಯಮವಾಗಿ ಸ್ಥಿರಪಟ್ಟದ್ದು 1921ರಲ್ಲಿ.

ಆ ನಡುವಿನ ವರ್ಷಗಳಲ್ಲಿ ನಮ್ಮ ಕನ್ನಡ ನೆಲದ ಒಬ್ಬನು ಈ ಚರಿತ್ರೆಯೊಳಕ್ಕೆ ಪ್ರವೇಶಿಸುತ್ತಾನೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಪಂದ್ಯಗಳಲ್ಲಿ ಹಳ್ಳಿಯ ತರುಣರು ಬರಿಗಾಲಿನಲ್ಲಿ ಓಡುವುದನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಅವರ ಪ್ರೋತ್ಸಾಹದಿಂದ, 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ಚಿಕ್ಕ ತಂಡವೊಂದು ಹಡಗು ಹತ್ತಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದನು. ಜೊತೆಗಾರ ದಾತಾರನೊಡನೆ ಅವನು ಮ್ಯಾರಥಾನ್ ಓಡಿದನು. ಆ ವರ್ಷದ ದಾರಿ ಇಂದಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಾಗಿತ್ತು. ಚೌಗುಲೆ 19ನೆಯವನಾಗಿ ಬಂದು ಮುಟ್ಟಿದನು. ಜಗತ್ತಿನ ಅತ್ಯುತ್ತಮರ ನಡುವೆ 19ನೆಯ ಸ್ಥಾನ ಸಾಮಾನ್ಯವಾದದ್ದಲ್ಲ. ಹಡಗಿನ ದೀರ್ಘ ಪ್ರಯಾಣ, ಪರದೇಶದ ಚಳಿ, ಅಭ್ಯಾಸವಿಲ್ಲದ ಆಹಾರ, ತಿಳಿಯದ ಭಾಷೆ: ಇವೆಲ್ಲವನ್ನೂ ಸಹಿಸಿ ಓಡಿದ ಆ ಬೆಳಗಾವಿಯವನ ಹೆಸರು ನಮ್ಮ ಮಕ್ಕಳ ಪಾಠದಲ್ಲಿ ಇಲ್ಲದಿರುವುದು ನನಗೆ ನಿಜವಾಗಿಯೂ ವ್ಯಸನದ ಸಂಗತಿ. ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಮೇಷ್ಟ್ರು ಈ ವೃತ್ತಾಂತವನ್ನು ಹೇಳಿದ ದಿನವೇ ನಮ್ಮ ಅಥೆನ್ಸಿನ ಯಾತ್ರೆ ನಿಶ್ಚಯವಾಯಿತು.

ಸಿದ್ಧತೆಗೆ ನಾವು ತೆಗೆದುಕೊಂಡದ್ದು ಎಂಟು ತಿಂಗಳು. ಓಟದ ನೋಂದಣಿಯನ್ನು ವಸಂತದಲ್ಲಿಯೇ ಮಾಡಿದೆವು. ಪ್ರಯಾಣಕ್ಕೆ ಬೇಕಾದದ್ದು ಷೆಂಗೆನ್ ವೀಸಾ. ಇದಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, 30,000 ಯೂರೊಗಿಂತ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಇರಬೇಕು, ಬ್ಯಾಂಕಿನ ಲೆಕ್ಕ, ತಂಗುವ ಸ್ಥಳದ ಪತ್ರ, ಓಟದ ನೋಂದಣಿಯ ಪತ್ರ ಎಲ್ಲವನ್ನೂ ಲಗತ್ತಿಸಬೇಕು. ಗುಂಪಾಗಿ ಹೋಗುವವರು ಈ ಕಾರ್ಯವನ್ನು ಒಂದೇ ದಿನ ಒಟ್ಟಿಗೆ ಮಾಡುವುದು ಲೇಸು. ನಮ್ಮಲ್ಲಿ ಒಬ್ಬರ ಪಾಸ್‌ಪೋರ್ಟು ಹೊರಡುವ ಎರಡು ದಿನ ಮುಂಚೆಯಷ್ಟೇ ಕೈಸೇರಿ, ಅಲ್ಲಿಯವರೆಗೆ ಉಳಿದ ನಾಲ್ವರಿಗೂ ನಿದ್ರೆಯಿರಲಿಲ್ಲ. ಓಟದ ಬೂಟನ್ನು ಎಂದಿಗೂ ದೊಡ್ಡ ಪೆಟ್ಟಿಗೆಯಲ್ಲಿಟ್ಟು ವಿಮಾನದವರ ವಶಕ್ಕೆ ಕೊಡಕೂಡದು. ಅದು ಕೈಚೀಲದಲ್ಲಿರಬೇಕು, ಅಥವಾ ಕಾಲಿನಲ್ಲಿಯೇ ಇರಬೇಕು. ಪೆಟ್ಟಿಗೆ ಕಳೆದರೆ ಅಂಗಿಯನ್ನು ಎಲ್ಲಿಯಾದರೂ ಕೊಂಡುಕೊಳ್ಳಬಹುದು; ತಿಂಗಳುಗಟ್ಟಲೆ ಕಾಲಿಗೆ ಒಗ್ಗಿದ ಬೂಟು ಪೇಟೆಯಲ್ಲಿ ಸಿಕ್ಕುವುದಿಲ್ಲ.

ದೇಹದ ಸಿದ್ಧತೆ ಇದಕ್ಕಿಂತ ದೊಡ್ಡದು. ವಾರದಲ್ಲಿ ನಾಲ್ಕು ದಿನ ಓಟ, ಅದರಲ್ಲಿ ಭಾನುವಾರದ ಲಾಂಗ್ ರನ್ ಎಂದು ನಾವು ಕರೆಯುವ ದೀರ್ಘ ಓಟ, ಹದಿನೈದು ಕಿಲೋಮೀಟರಿನಿಂದ ಮೊದಲಾಗಿ ಮೆಲ್ಲಮೆಲ್ಲನೆ ಮೂವತ್ತೆರಡಕ್ಕೆ ಏರಿತು. ಅಥೆನ್ಸಿನ ದಾರಿಯ ಸ್ವಭಾವವನ್ನು ತಿಳಿದು ತಿಂಗಳಿಗೆರಡು ಸಲ ನಂದಿಬೆಟ್ಟಕ್ಕೆ ಹೋದೆವು. ಬೆಟ್ಟವನ್ನು ಏರಿದಷ್ಟೇ ಶ್ರದ್ಧೆಯಿಂದ ಇಳಿಯುವುದನ್ನೂ ಅಭ್ಯಾಸ ಮಾಡಬೇಕೆಂದು ವೈದ್ಯ ಮಿತ್ರರ ಕಟ್ಟಪ್ಪಣೆಯಾಗಿತ್ತು. ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆಯ ಸ್ನಾಯುಗಳು ದೇಹದ ಭಾರವನ್ನು ತಡೆಯುತ್ತ ತಡೆಯುತ್ತಲೇ ಉದ್ದಕ್ಕೆ ಎಳೆಯಲ್ಪಟ್ಟು ಒಳಗೊಳಗೆ ಹರಿಯುತ್ತವೆ, ಮಾರನೆಯ ದಿನದ ನೋವಿಗೆಲ್ಲ ಮೂಲ ಅದೇ ಎಂದು ಅವರು ವಿವರಿಸುತ್ತಿದ್ದರು. ಮ್ಯಾರಥಾನಿನ ಮೂವತ್ತನೆಯ ಕಿಲೋಮೀಟರಿನ ಸುಮಾರಿಗೆ ಅನೇಕರು ಗೋಡೆಗೆ ಮುಖವಿಟ್ಟವರಂತೆ ನಿಂತುಬಿಡುವುದೇಕೆಂಬುದನ್ನೂ ಅವರಿಂದಲೇ ತಿಳಿದೆವು. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಶರೀರವು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುವ ಸಕ್ಕರೆ ಹೆಚ್ಚೆಂದರೆ ಅರ್ಧ ಕಿಲೋಗ್ರಾಮಿನ ಸುಮಾರು. ಅದು ಬಹುಮಟ್ಟಿಗೆ ಅಷ್ಟು ದೂರಕ್ಕೇ ಸಾಲುವಂಥದು. ಆದಕಾರಣ ಹಸಿವಾಗುವುದಕ್ಕೆ ಮೊದಲೇ, ಗಂಟೆಗೆ ಮೂವತ್ತರಿಂದ ಅರವತ್ತು ಗ್ರಾಮಿನಷ್ಟು ಪಿಷ್ಟವನ್ನೋ ಸಕ್ಕರೆಯನ್ನೋ ಒಳಕ್ಕೆ ಸಲ್ಲಿಸುತ್ತಿರಬೇಕು. ನೀರೂ ಹಾಗೆಯೇ ಮಿತದಲ್ಲಿ. ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಪ್ರಾಣಾಪಾಯವೂ ಆಗಬಹುದು. ನಾಲ್ವರು ಅಂಗಡಿಯ ಜೆಲ್ ಪೊಟ್ಟಣಗಳನ್ನು ಕೊಂಡೆವು. ಮೇಷ್ಟ್ರು ಮಾತ್ರ ಮನೆಯಲ್ಲಿ ಮಾಡಿಸಿದ ಎಳ್ಳುಂಡೆಗಳನ್ನು ಡಬ್ಬಿಯಲ್ಲಿ ತುಂಬಿಕೊಂಡರು. ಎಂಟು ತಿಂಗಳೂ ಅವನ್ನೇ ತಿಂದು ಅಭ್ಯಾಸ ಮಾಡಿದ್ದರಾದ್ದರಿಂದ ವೈದ್ಯರೂ ಅದಕ್ಕೆ ಸಮ್ಮತಿಸಿದರು.

ಬೆಳಗಿನ ಒಂಬತ್ತು ಗಂಟೆಗೆ ಓಟ ಪ್ರಾರಂಭವಾಯಿತು. ಭಾರತದಲ್ಲಿ ಆಗ ಹನ್ನೆರಡೂವರೆ, ಮನೆಯವರೆಲ್ಲ ಊಟಕ್ಕೆ ಕುಳಿತಿರುವ ಸಮಯ. ವೇಗಕ್ಕೆ ತಕ್ಕಂತೆ ವಿಭಾಗಿಸಿದ ಗುಂಪುಗಳು ಒಂದಾದಮೇಲೊಂದು ಹೊರಡುತ್ತವೆ. ನಾವು ಐವರೂ ಬೇರೆಬೇರೆ ಗುಂಪಿನವರು. ಅಗಲುವ ಮುಂಚೆ ವೃತ್ತವಾಗಿ ನಿಂತು, ಒಬ್ಬರ ಭುಜದ ಮೇಲೊಬ್ಬರು ಕೈಯಿಟ್ಟು, ಮುಗಿಸಿದವರು ಯಾರೂ ಹೋಟೆಲಿಗೆ ಹೋಗಕೂಡದು, ಕೊನೆಯವರು ಬರುವವರೆಗೆ ಕ್ರೀಡಾಂಗಣದಲ್ಲಿಯೇ ಕಾಯಬೇಕು ಎಂದು ನಿಶ್ಚಯಿಸಿದೆವು. ಕೊನೆಯವರು ಯಾರೆಂಬುದು ಎಲ್ಲರಿಗೂ ತಿಳಿದಿತ್ತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಮೊದಲ ಹತ್ತು ಕಿಲೋಮೀಟರ್ ಸಮನಾದ ಬಯಲು. ಐದನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ದಾರಿ ಎಡಕ್ಕೆ ಹೊರಳಿ ಆ ವೀರರ ದಿಬ್ಬವನ್ನು ಸುತ್ತಿಕೊಂಡು ಹೆದ್ದಾರಿಗೆ ಮರಳುತ್ತದೆ. ಅಲ್ಲಿಯವರೆಗೆ ಹರಟುತ್ತಿದ್ದ ಜನ ಅಲ್ಲಿ ಮೌನವಾದರು. ಸಾವಿರಾರು ಬೂಟುಗಳ ಸಪ್ಪಳ ಮಾತ್ರ ಕೇಳಿಸಿತು. ಈ ಓಟವು ಇನ್ನೊಬ್ಬನ ನೆನಪಿಗೂ ಸಮರ್ಪಿತವಾಗಿದೆ. ಗ್ರಿಗೋರಿಸ್ ಲಂಬ್ರಾಕಿಸ್ ವೈದ್ಯ, ಉದ್ದ ಜಿಗಿತದಲ್ಲಿ ಗ್ರೀಸಿನ ದಾಖಲೆಯನ್ನು ಹೊಂದಿದ್ದ ಕ್ರೀಡಾಪಟು, ಪಾರ್ಲಿಮೆಂಟಿನ ಸದಸ್ಯ. 1963ರ ಏಪ್ರಿಲಿನಲ್ಲಿ ಮ್ಯಾರಥಾನಿನಿಂದ ಅಥೆನ್ಸಿಗೆ ಏರ್ಪಟ್ಟಿದ್ದ ಶಾಂತಿಯಾತ್ರೆಯನ್ನು ಸರ್ಕಾರ ನಿಷೇಧಿಸಿ ಬಂದವರನ್ನೆಲ್ಲ ತಡೆದಾಗ, ಸದಸ್ಯತ್ವದ ರಕ್ಷಣೆಯಿದ್ದ ಇವನೊಬ್ಬನೇ ಶಾಂತಿಯ ಪತಾಕೆಯನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು ಈ ದಾರಿಯಲ್ಲಿ ನಡೆದನು. ಮುಂದಿನ ತಿಂಗಳೇ ಅವನು ಹಂತಕರ ಪೆಟ್ಟಿಗೆ ಸಿಕ್ಕಿ ಮಡಿದನು. ಒಬ್ಬಂಟಿಯಾಗಿ ಅವನು ನಡೆದ ದಾರಿಯಲ್ಲಿ ಈಗ ವರ್ಷವರ್ಷವೂ ದೇಶದೇಶಗಳ ಜನ ಒಟ್ಟಾಗಿ ಓಡುತ್ತಾರೆ.

ನೇಯಾ ಮಾಕ್ರಿ ಎಂಬ ಊರಿನಲ್ಲಿ ಮನೆಗಳ ಮುಂದೆ ಮುದುಕಿಯರೂ ಮಕ್ಕಳೂ ಆಲಿವ್ ಮರದ ಚಿಕ್ಕ ಚಿಕ್ಕ ರೆಂಬೆಗಳನ್ನು ಹಿಡಿದು ನಿಂತಿದ್ದರು. ಕಪ್ಪು ಸೀರೆಯಂಥ ನಿಲುವಂಗಿಯನ್ನು ತೊಟ್ಟ ಒಬ್ಬ ವೃದ್ಧೆ, ಕುರ್ಚಿಯಿಂದ ಏಳಲಾರದೆ, ಕೈಯನ್ನು ಮಾತ್ರ ನೀಡಿ ಒಂದು ರೆಂಬೆಯನ್ನು ನನಗೆ ಕೊಟ್ಟು "ಬ್ರಾವೊ, ಬ್ರಾವೊ" ಎಂದಳು. ಎಲೆಯ ಮೇಲ್ಭಾಗ ಹಸುರು, ಕೆಳಭಾಗ ಬೆಳ್ಳಿಯ ಬಣ್ಣ; ನಾನು ಅದನ್ನು ಟೋಪಿಯ ಅಂಚಿಗೆ ಸಿಕ್ಕಿಸಿಕೊಂಡೆ. ಅಲ್ಲಿಂದ ಮುಂದೆ ದಾರಿ ಮಾತಿ ಎಂಬ ಊರಿನ ಪಕ್ಕದಲ್ಲಿ ಹಾಯುತ್ತದೆ. 2018ರ ಜುಲೈ ತಿಂಗಳಿನ ಕಾಡ್ಗಿಚ್ಚಿನಲ್ಲಿ ಆ ಊರು ಉರಿದು ನೂರಕ್ಕೂ ಮಿಕ್ಕಿ ಜನ ತೀರಿಕೊಂಡರು. ಹಾಗೆ ಬೆಂದ ನೆಲದ ಅಂಚಿನಲ್ಲಿ ನಿಂತು ಅಪರಿಚಿತರಿಗೆ ನೀರನ್ನೂ ಹಸುರು ರೆಂಬೆಯನ್ನೂ ನೀಡುವ ಆ ಜನರ ಔದಾರ್ಯಕ್ಕೆ ನನ್ನ ಮನಸ್ಸು ಬಾಗಿತು.

ಹತ್ತನೆಯ ಕಿಲೋಮೀಟರಿನಿಂದ ಏರು ಮೊದಲಾಗುತ್ತದೆ. ನಂದಿಯಂತೆ ಕಣ್ಣಿಗೆ ಎದುರಾಗಿ ನಿಲ್ಲುವ ಏರಲ್ಲ ಅದು. ರಫೀನಾ, ಪಿಕೆರ್ಮಿ, ಪಲ್ಲಿನಿ, ಯೆರಾಕಾಸ್ ಎಂದು ಊರು ಊರನ್ನು ದಾಟಿಕೊಂಡು, ನಡುನಡುವೆ ಕೊಂಚ ಇಳಿದಂತೆ ತೋರಿ ಮತ್ತೆ ಏರುತ್ತ, ಇಪ್ಪತ್ತು ಕಿಲೋಮೀಟರ್ ಉದ್ದಕ್ಕೂ ಮುಂದುವರಿಯುವ ಏರು. ಸಮುದ್ರತೀರದಿಂದ ಹೊರಟವನು ಮೂವತ್ತೊಂದನೆಯ ಕಿಲೋಮೀಟರಿನಲ್ಲಿ ಸುಮಾರು 240 ಮೀಟರ್ ಎತ್ತರಕ್ಕೆ ಬಂದಿರುತ್ತಾನೆ. ಪಲ್ಲಿನಿಯ ಬಳಿ ನನ್ನ ಎಡ ಮೀನಖಂಡ ಗಂಟುಕಟ್ಟಿತು. ರಸ್ತೆಯ ಅಂಚಿನ ಕಬ್ಬಿಣದ ಕಂಬಿಯನ್ನು ಹಿಡಿದು ನಿಂತೆ. ಯಾವ ದೇಶದವನೋ ತಿಳಿಯದು, ನರೆತ ಗಡ್ಡದ ಒಬ್ಬ ಓಟಗಾರ ತನ್ನ ಹೊತ್ತನ್ನು ಕಳೆದುಕೊಂಡು ನಿಂತು, ನನ್ನ ಪಾದವನ್ನು ತನ್ನ ಮೊಣಕಾಲ ಮೇಲಿಟ್ಟು, ಬೆರಳುಗಳನ್ನು ಹಿಂದಕ್ಕೆ ಒತ್ತಿ ಗಂಟನ್ನು ಬಿಡಿಸಿ, ಒಂದು ಚಿಟಿಕೆ ಉಪ್ಪನ್ನು ನನ್ನ ಅಂಗೈಗೆ ಸುರಿದು ಹೊರಟುಹೋದನು. ನಮ್ಮಿಬ್ಬರ ನಡುವೆ ಒಂದು ಮಾತೂ ಆಗಲಿಲ್ಲ.

ಏರು ಮುಗಿದ ಮೇಲಿನ ಹನ್ನೊಂದು ಕಿಲೋಮೀಟರ್ ಬಹುಪಾಲು ಇಳಿಜಾರು, ನಗರದ ವಿಶಾಲವಾದ ಬೀದಿ, ಇಬ್ಬದಿಯಲ್ಲಿ ದಟ್ಟವಾದ ಜನ. ನಲವತ್ತನೆಯ ಕಿಲೋಮೀಟರಿನ ಹತ್ತಿರ, ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ ಶಿಲ್ಪಿ ವರೋತ್ಸೋಸ್ ನಿರ್ಮಿಸಿದ ಬೃಹತ್ ಓಟಗಾರನ ವಿಗ್ರಹವಿದೆ. ಅದು ಕಂಡಿತೆಂದರೆ ಮುಗಿಯಿತೆಂದು ಅರ್ಥ. ಹಿಂದೆ ಅರಸನದಾಗಿದ್ದ ತೋಟದ ಪಕ್ಕದ ಮರಗಳ ನೆರಳಿನ ಬೀದಿಯನ್ನು ಇಳಿದು ತಿರುಗಿದೊಡನೆ, ಪೆಂಟೆಲಿಯ ಗಣಿಯ ಬಿಳಿಯ ಅಮೃತಶಿಲೆಯಿಂದ ಕಟ್ಟಿದ, ಲಾಳದ ಆಕಾರದ, ಪನಥೆನಾಯಿಕ್ ಕ್ರೀಡಾಂಗಣ ತನ್ನ ಎರಡು ತೋಳುಗಳನ್ನೂ ತೆರೆದು ನಿಂತಂತೆ ಎದುರಾಗುತ್ತದೆ. ಇದೇ ಅಂಗಣಕ್ಕೆ 1896ರಲ್ಲಿ ಲೂಯಿಸ್ ಬಂದನು. ಇದೇ ಅಂಗಣಕ್ಕೆ 2004ರ ಒಲಿಂಪಿಕ್ಸಿನಲ್ಲಿ ಬ್ರೆಜಿಲಿನ ವಾಂಡರ್ಲೇ ದ ಲಿಮಾ ಬಂದನು. ಎಲ್ಲರಿಗಿಂತ ಮುಂದೆ ಓಡುತ್ತಿದ್ದಾಗ ಒಬ್ಬ ಪ್ರೇಕ್ಷಕ ಒಳನುಗ್ಗಿ ಅವನನ್ನು ರಸ್ತೆಯಾಚೆಗೆ ತಳ್ಳಿದ್ದರಿಂದ ಗತಿ ತಪ್ಪಿ ಮೂರನೆಯವನಾದರೂ, ತೋಳುಗಳನ್ನು ಹಕ್ಕಿಯಂತೆ ಚಾಚಿ ನಗುತ್ತ ಬಂದನು. ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ ನಾನೂ ಬಂದು ಸೇರಿದೆ. ಕೊರಳಿಗೆ ಪದಕ ಬಿತ್ತು.

ಧಾರವಾಡದವನೂ ವೈದ್ಯರೂ ಆಗಲೇ ಮೇಲಿನ ಸಾಲಿನಲ್ಲಿ ಕುಳಿತಿದ್ದರು. ನನ್ನನ್ನು ಕೂಡಲೇ ಕುಳಿತುಕೊಳ್ಳಗೊಡದೆ ವೈದ್ಯರು ಹತ್ತು ನಿಮಿಷ ನಡೆಸಿ, ಉಪ್ಪು ಬೆರೆತ ಪಾನೀಯವನ್ನು ಗುಟುಕು ಗುಟುಕಾಗಿ ಕುಡಿಸಿದರು. ಅರ್ಧ ಗಂಟೆಯ ಮೇಲೆ ಬ್ಯಾಂಕಿನವರು ಬಂದರು. ಗೆರೆಯನ್ನು ದಾಟಿ ಬಂದ ಅವರು ಸಂತೋಷದಿಂದಿದ್ದರೂ, ಸ್ವಲ್ಪ ಹೊತ್ತು ದ್ವಾರದ ಕಡೆಗೇ ನೋಡುತ್ತ ನಿಂತುಕೊಂಡರು. ಆಮೇಲೆ ಸ್ತಮಾತಾ ರೆವಿಥಿಯ ಕಥೆಯನ್ನು ಹೇಳಿದರು. 1896ರಲ್ಲಿ ಈ ಬಡ ಹೆಂಗಸನ್ನು ಪುರುಷರೊಡನೆ ಓಡಗೊಡಲಿಲ್ಲ. ಅವಳು ಮರುದಿನ ಒಬ್ಬಳೇ, ತಾನು ಹೊರಟ ಹೊತ್ತಿಗೆ ಮ್ಯಾರಥಾನಿನ ಅಧಿಕಾರಿಗಳಿಂದ ರುಜು ಹಾಕಿಸಿಕೊಂಡು, ಸುಮಾರು ಐದೂವರೆ ಗಂಟೆಗಳಲ್ಲಿ ಅದೇ ದಾರಿಯನ್ನು ಓಡಿ ಮುಗಿಸಿದಳು. ಕ್ರೀಡಾಂಗಣದೊಳಕ್ಕೆ ಅವಳಿಗೆ ಪ್ರವೇಶ ದೊರೆಯಲಿಲ್ಲ. ಒಲಿಂಪಿಕ್ಸಿನಲ್ಲಿ ಸ್ತ್ರೀಯರ ಮ್ಯಾರಥಾನ್ ಏರ್ಪಟ್ಟದ್ದು 1984ರಲ್ಲಿ, ಅಂದರೆ 88 ವರ್ಷಗಳಾದ ಮೇಲೆ. "ನನಗೂ ಅವಳಿಗೆ ಹಿಡಿದಷ್ಟೇ ಹೊತ್ತು ಹಿಡಿಯಿತು ನೋಡಿ, ಅವಳನ್ನು ಇಲ್ಲಿ ಕಾಯುವವರು ಒಬ್ಬರೂ ಇರಲಿಲ್ಲ" ಎಂದರು.

ಅನಂತರ ನಾಲ್ವರೂ ಅಮೃತಶಿಲೆಯ ಮೇಲೆ ಕುಳಿತು ಕಾದೆವು. ಬಿಸಿಲು ಇಳಿಯಿತು, ಕಲ್ಲು ತಣ್ಣಗಾಯಿತು, ನೋವು ಕಾಲಿನಿಂದ ಸೊಂಟಕ್ಕೆ ಏರಿತು. ಫೋನಿನ ನಕ್ಷೆಯಲ್ಲಿ ಮೇಷ್ಟ್ರು ಮೂವತ್ತೈದನೆಯ ಕಿಲೋಮೀಟರನ್ನು ದಾಟಿದ್ದು ಕಾಣಿಸಿತು. ಆಮೇಲೆ ಬಹಳ ಹೊತ್ತು ಏನೂ ಕಾಣಲಿಲ್ಲ. ಎಂಟು ಗಂಟೆಯ ಗಡುವಿನೊಳಗೆ ಬರುವರೆಂಬ ನಂಬಿಕೆ ಇತ್ತು. ಆದರೂ ಯಾರೊಬ್ಬರೂ ಮಾತಾಡಲಿಲ್ಲ. ಕೊನೆಗೆ ದ್ವಾರದಲ್ಲಿ ಆ ಪರಿಚಿತವಾದ ನಡಿಗೆ, ಬಲಭುಜ ಕೊಂಚ ತಗ್ಗಿದ ಆ ಓಟ, ಕಂಡಿತು. ಟೋಪಿಯ ಸುತ್ತ ನಾಲ್ಕೈದು ಆಲಿವ್ ರೆಂಬೆಗಳಿದ್ದುವು. ನಮಗೆ ಕಾಲು ನೋಯುತ್ತಿದ್ದುದು ಮರೆತುಹೋಗಿ ಕಂಬಿಯವರೆಗೆ ಇಳಿದು ಓಡಿ, "ಮೇಷ್ಟ್ರೇ! ಬನ್ನಿ, ಬನ್ನಿ ಮೇಷ್ಟ್ರೇ!" ಎಂದು ಕೂಗಿದೆವು, ಅರ್ಥವಾಗದಿದ್ದರೂ ಅಕ್ಕಪಕ್ಕದ ಗ್ರೀಕರು ನಮ್ಮೊಡನೆ "ಮೇಷ್ಟ್ರೇ" ಎಂದು ದನಿಗೂಡಿಸಿದರು. ಆರು ಗಂಟೆ ನಲವತ್ತೆಂಟು ನಿಮಿಷ. ಗೆರೆಯನ್ನು ದಾಟಿದ ಮೇಷ್ಟ್ರು ಮೊದಲು ಬಾಗಿ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಫೋನನ್ನು ಕೇಳಿ ಪಡೆದು ಮನೆಗೆ ಕರೆ ಮಾಡಿ, ಆ ಕಡೆಯಿಂದ ಹೆಂಡತಿಯ ದನಿ ಕೇಳಿದೊಡನೆ, "ಬಂದು ಸೇರಿದೆ ಕಣೇ" ಎಂದರು. ಅಷ್ಟೇ ಹೇಳಲು ಅವರಿಂದ ಸಾಧ್ಯವಾಯಿತು.

ಆ ರಾತ್ರಿಯ ಊಟದ ಸಡಗರವನ್ನು ಹೇಳದೆ ಓಟದ ಕಥೆ ಮುಗಿಯುವುದಿಲ್ಲ. ಅಕ್ರೊಪೊಲಿಸ್ ಬೆಟ್ಟದ ಬುಡದಲ್ಲಿರುವ ಪ್ಲಾಕಾ ಎಂಬ ಹಳೆಯ ಬಡಾವಣೆಯಲ್ಲಿ ಮೆಟ್ಟಿಲು ಮೆಟ್ಟಿಲಾದ ಬೀದಿಗಳಿವೆ. ಮೆಟ್ಟಿಲಿನ ಮೇಲೆಯೇ ಮೇಜುಗಳನ್ನು ಹಾಕಿದ ತವೆರ್ನಾ ಎಂಬ ಊಟದ ಮನೆಗಳಿವೆ. ಓಡಿದವರು ಆ ದಿನ ಪದಕವನ್ನು ಕೊರಳಿನಿಂದ ತೆಗೆಯುವುದಿಲ್ಲ. ಮೆಟ್ಟಿಲನ್ನು ಇಳಿಯಲಾರದೆ ಹಿಮ್ಮುಖವಾಗಿ ಇಳಿಯುತ್ತಿದ್ದವರನ್ನು ಕಂಡು ಕುಳಿತವರೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಶಾಕಾಹಾರಿಗಳಾದ ನಮಗೆ ಯಾವ ಕೊರತೆಯೂ ಆಗಲಿಲ್ಲ: ದ್ರಾಕ್ಷಿಯ ಎಲೆಯಲ್ಲಿ ಅನ್ನವನ್ನು ಸುತ್ತಿ ಬೇಯಿಸಿದ ದೊಲ್ಮಾದೆಸ್, ನಮ್ಮ ಪತ್ರೊಡೆಯ ದೂರದ ನೆಂಟನಂತಿತ್ತು, ಟೊಮೇಟೊ ರಸದಲ್ಲಿ ಬೆಂದ, ಹೆಬ್ಬೆರಳಿನಷ್ಟು ದಪ್ಪದ ಬಿಳಿಯ ಅವರೆಯಂಥ ಕಾಳು, ಹಳದಿ ಬೇಳೆಯನ್ನು ಅರೆದು ಆಲಿವ್ ಎಣ್ಣೆ ಸುರಿದ ಫಾವಾ, ಮೇಲೆ ಜೇನಿನಲ್ಲಿ ಮುಳುಗಿದ ಬಿಸಿ ಲುಕುಮಾದೆಸ್. ಕುಡಿಯುವವರು ಕುಡಿದರು, ಆದರೆ ವೈದ್ಯರು ಮೊದಲು ನೀರು, ಆಮೇಲೆ ಅನ್ನ, ಅದಾದ ಮೇಲೆಯೇ ಒಂದು ಲೋಟ ದ್ರಾಕ್ಷಾರಸ ಎಂಬ ಕ್ರಮವನ್ನು ಬಿಡಗೊಡಲಿಲ್ಲ. ಓಡಿ ಬತ್ತಿದ ಶರೀರಕ್ಕೆ ಮದ್ಯವು ಇನ್ನಷ್ಟು ನೀರನ್ನು ಕಳೆಯುತ್ತದೆಯೆಂಬುದು ಉತ್ಸಾಹದಲ್ಲಿ ಅನೇಕರಿಗೆ ಮರೆತುಹೋಗುತ್ತದೆ. ಹಾಗೆಯೇ ಹಿಂದಿರುಗುವ ವಿಮಾನವನ್ನು ಮರುದಿನಕ್ಕೇ ಇಟ್ಟುಕೊಳ್ಳಬಾರದೆಂದೂ, ಬಳಲಿದ ಕಾಲುಗಳನ್ನು ಮಡಚಿ ಗಂಟೆಗಟ್ಟಲೆ ಕುಳಿತರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆಯೆಂದೂ ಅವರು ಮೊದಲೇ ಎಚ್ಚರಿಸಿ ನಮಗೆ ಮೂರು ದಿನಗಳ ವಿಶ್ರಾಂತಿಯನ್ನು ಗೊತ್ತುಮಾಡಿದ್ದರು.

ಊಟದ ಕೊನೆಗೆ ಯಜಮಾನನು ಬಂದು, ಐದು ಪದಕಗಳನ್ನೂ ಎಣಿಸಿ, ಒಳಗಿನಿಂದ ಒಂದು ತಟ್ಟೆ ಪಸ್ತೆಲಿ ತಂದಿಟ್ಟನು. ಎಳ್ಳನ್ನೂ ಜೇನನ್ನೂ ಕಾಯಿಸಿ ಹಲಗೆಯಂತೆ ಆರಿಸಿ ಕೊಯ್ದದ್ದು. ಮೇಷ್ಟ್ರು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, ಕಣ್ಣುಮುಚ್ಚಿ, ನಿಧಾನವಾಗಿ ಅಗಿದು, ಚೀಲದಿಂದ ಡಬ್ಬಿಯನ್ನು ತೆಗೆದರು. ಅದರಲ್ಲಿ ಮೂರು ಎಳ್ಳುಂಡೆಗಳು ಉಳಿದಿದ್ದುವು. ಒಂದನ್ನು ಯಜಮಾನನ ಕೈಗಿಟ್ಟರು. ಅವನು ಅದನ್ನು ದೀಪಕ್ಕೆ ಹಿಡಿದು ನೋಡಿ, ಕಚ್ಚಿ, ಬೆಲ್ಲದ ರುಚಿಗೆ ಹುಬ್ಬೇರಿಸಿ, ಒಳಕ್ಕೆ ಹೋಗಿ ತನ್ನ ತಾಯಿಯನ್ನೇ ಕರೆತಂದು ಉಳಿದರ್ಧವನ್ನು ಅವಳಿಗೆ ತಿನ್ನಿಸಿದನು. ಬುಜೂಕಿ ವಾದ್ಯ ಮೊದಲಾದಾಗ ಆ ತಾಯಿ ಮೇಷ್ಟ್ರ ಕೈಹಿಡಿದು ಎಬ್ಬಿಸಿದಳು. ಕೈಗೆ ಕೈ ಕೋದ ಸಾಲಿನಲ್ಲಿ, ನೋಯುವ ಕಾಲನ್ನು ಮೆಲ್ಲಗೆ ಎತ್ತಿಯಿಡುತ್ತ, ನಾವು ಐವರೂ ಆ ಬೀದಿಯ ಅರ್ಧ ಜನರೂ ಕುಣಿದೆವು.

ಎರಡು ದಿನಗಳ ಮೇಲೆ ಮಾಮೂಲಿನ ಬಸ್ಸಿನಲ್ಲಿ ನಾವು ಮತ್ತೊಮ್ಮೆ ಮ್ಯಾರಥಾನಿಗೆ ಹೋದೆವು. ಓಡುವಾಗ ಸುತ್ತಿ ಬಂದಿದ್ದ ದಿಬ್ಬವನ್ನು ನೋಡಿದ್ದೆವೆಂದು ಹೇಳುವಂತಿರಲಿಲ್ಲ; ಈಗ ಅದರ ಮುಂದೆ ಆಲಿವ್ ಮರದಡಿಯಲ್ಲಿ ಕುಳಿತೆವು. ನಾಟಕಕಾರ ಈಸ್ಕಿಲಸನು ಈ ಬಯಲಿನಲ್ಲಿ ಕಾದಿದನೆಂದೂ, ಅವನ ತಮ್ಮನೋ ಅಣ್ಣನೋ ಆದ ಕಿನೆಗೈರಸ್ ಇಲ್ಲಿ ಮಡಿದನೆಂದೂ, ಆ ಈಸ್ಕಿಲಸನ ನಾಟಕವನ್ನೇ ಬಿ. ಎಂ. ಶ್ರೀಕಂಠಯ್ಯನವರು 1935ರಲ್ಲಿ "ಪಾರಸಿಕರು" ಎಂದು ಕನ್ನಡಕ್ಕೆ ತಂದರೆಂದೂ ಮೇಷ್ಟ್ರು ಹೇಳಿದರು. ತಾವು ಓದುವಾಗ ಅದನ್ನು ಹಾಸನದ ಗ್ರಂಥಾಲಯದಿಂದ ತಂದು ಲಾಂದ್ರದ ಬೆಳಕಿನಲ್ಲಿ ಓದಿದ್ದುಂಟೆಂದರು. ಟೋಪಿಯಲ್ಲಿ ಒಣಗಿದ್ದ ಒಂದು ರೆಂಬೆಯನ್ನು ತೆಗೆದು ದಿಬ್ಬದ ಬುಡದಲ್ಲಿಟ್ಟರು.

ಹಿಂದಿರುಗುವ ಬಸ್ಸು ಓಟದ ದಾರಿಯನ್ನೇ ಹಿಡಿಯಿತು. ಭಾನುವಾರದ ಕತ್ತಲಲ್ಲಿ ಮೂಕವಾಗಿದ್ದ ನಮ್ಮ ಬಾಯಿ ಈಗ ನಿಲ್ಲಲೇ ಇಲ್ಲ. ಆ ವೃದ್ಧೆ ಕುಳಿತಿದ್ದ ಮನೆ ಇದೇ ಅಲ್ಲವೆ, ಈ ಪೆಟ್ರೋಲ್ ಬಂಕಿನ ಮುಂದೆಯೇ ನಾನು ಅಳತೊಡಗಿದ್ದು, ಇಲ್ಲಿ ಒಬ್ಬ ಹುಡುಗ ಕಿತ್ತಳೆಯ ಸೀಳನ್ನು ಕೊಟ್ಟನು, ಇದೇ ಕಂಬಿ, ಇದೇ ಕಂಬಿ ನಾನು ಹಿಡಿದದ್ದು, ಎಂದು ಐವರೂ ಒಮ್ಮೆಗೇ ಕಿಟಕಿಗೆ ಬೆರಳು ಚಾಚಿ ಹೇಳಿಕೊಂಡೆವು. ಮೂವತ್ತೈದನೆಯ ಕಿಲೋಮೀಟರಿನ ಮುಂದೆ ತಮಗೇನಾಯಿತೆಂಬುದನ್ನು ಮೇಷ್ಟ್ರು ಅದುವರೆಗೆ ಹೇಳಿರಲಿಲ್ಲ. ಬಸ್ಸು ಗುಡ್ಡದ ನೆತ್ತಿಯನ್ನು ದಾಟಿ ನಗರದ ಕಡೆಗೆ ಇಳಿಯತೊಡಗಿದಾಗ ಅವರು ಗಾಜಿಗೆ ಹಣೆಯನ್ನೊತ್ತಿ, ಬೀದಿಬದಿಯ ಒಂದು ಬೆಂಚನ್ನು ಹುಡುಕಿ ತೋರಿಸಿ, "ಅಗೋ, ಅಲ್ಲಿ ಕೂತುಬಿಟ್ಟಿದ್ದೆ ಕಣಯ್ಯಾ" ಎಂದು ಮೊದಲುಮಾಡಿದರು. ನಾವು ನಾಲ್ವರೂ ಅವರ ಕಡೆಗೆ ತಿರುಗಿ ಕುಳಿತೆವು.